ಮೀಟರ್ ಬಿಡಿ, ಸೈಡ್ ಸ್ಟ್ಯಾಂಡ್ ನೋಡಿ: ಹಳೇ ಬೈಕಿಗೆ ನಾನು ದರ ಕಟ್ಟುವ ರೀತಿ

ಹಳೇ ಬೈಕಿಗೆ ಮೀಟರ್ ನೋಡಿ ದರ ಕಟ್ಟುವುದನ್ನು ಬಿಟ್ಟು ವರ್ಷಗಳಾದವು. ಓಡಿಸಿದವನ ಗುಣ ನೋಡಿ ಕಟ್ಟುತ್ತೇನೆ ಅಂದಾಗ ಹಳೇ ಗಾಡಿ ವ್ಯಾಪಾರದ ನಮ್ಮ ಲೈನಿನವರೇ "ಗಾಡಿಗೂ ಜಾತಕ ನೋಡ್ತೀಯಾ" ಎಂದು ನಕ್ಕಿದ್ದರು. ಈಗ ಅಡ್ವಾನ್ಸ್ ಕೊಡುವ ಮೊದಲು ಅವರೇ ಫೋಟೋ ಕಳಿಸುತ್ತಾರೆ.

ಮೊದಲು ಸೈಡ್ ಸ್ಟ್ಯಾಂಡ್. ಅದು ಸವೆಯುವುದು ಓಡಿದ್ದಕ್ಕಲ್ಲ, ನಿಲ್ಲಿಸಿದ್ದಕ್ಕೆ. ಮೀಟರ್ 18 ಸಾವಿರ ಕಿಮೀ ಅನ್ನುತ್ತೆ, ಆದರೆ ಸ್ಟ್ಯಾಂಡಿನ ಪಾದದ ಅಂಚು ತೆಳ್ಳಗಾಗಿದೆ, ಅದು ತಿರುಗುವ ಪಿವಟ್ ಬೋಲ್ಟ್ ಲೊಡಲೊಡ, ಕೀ ತೂತಿನ ಸುತ್ತ ಕೀಗೊಂಚಲು ಗೀರಿದ ಅರ್ಧಚಂದ್ರ, ಹ್ಯಾಂಡಲ್ ಮೇಲೆ ಮೊಬೈಲ್ ಹೋಲ್ಡರ್ ಕಚ್ಚಿದ ಕಲೆ, ಸೀಟಿನ ಹಿಂಬದಿ ಬ್ಯಾಗ್ ಉಜ್ಜಿ ರೆಕ್ಸಿನ್ ನುಣ್ಣಗಾಗಿದೆ. ಡೆಲಿವರಿ ಗಾಡಿ. ಎಂಟು-ಹತ್ತು ಸಾವಿರ ಇಳಿಸಿಯೇ ಮಾತು ಶುರು.

ಹಿಂದಿನ ಡ್ರಮ್ ಬ್ರೇಕ್ ಜುಗ್ಗನನ್ನು ಹಿಡಿದುಕೊಡುತ್ತೆ. ಅಡ್ಜಸ್ಟರ್ ನಟ್ ಥ್ರೆಡ್ಡನ್ನೆಲ್ಲ ತಿಂದು ಒಳಗೆ ಹೋಗಿರುತ್ತೆ, ಬ್ರೇಕ್ ಪ್ಯಾನೆಲ್ಲಿನ ಸವೆತ ತೋರಿಸುವ ಬಾಣ ಮಿತಿ ಗುರುತಿಗೆ ಬಂದಿರುತ್ತೆ. ಬ್ರೇಕ್ ಶೂ ಮೇಲಿನ ಹೊಸ ಲೈನಿಂಗ್ ಹೆಚ್ಚುಕಡಿಮೆ 4 ಮಿಮೀ, 2ಕ್ಕೆ ಇಳಿದರೆ ಮುಗಿಯಿತು. ಮುನ್ನೂರು ರೂಪಾಯಿಯ ಶೂ ಹಾಕಿಸದೆ ನಟ್ ಬಿಗಿದುಕೊಂಡು ಓಡಿಸಿದವನು ಆಯಿಲ್ ಸಮಯಕ್ಕೆ ಬದಲಿಸಿರುತ್ತಾನಾ? ಡಿಪ್‌ಸ್ಟಿಕ್ ಎಳೆಯುವ ಮೊದಲೇ ಇಂಜಿನ್ ಕೆಲಸಕ್ಕೆ ದುಡ್ಡು ತೆಗೆದಿಡಿ.

ಅವಸರದವನ ಗುರುತು ಎರಡು ಕಡೆ. ಟಾಪ್ ಗೇರಿನಲ್ಲಿ ಮೂವತ್ತು-ನಲವತ್ತರಲ್ಲಿ ಆಕ್ಸಿಲರೇಟರ್ ತಿರುಗಿಸಿ; ಇಂಜಿನ್ ಕೂಗಿ ವೇಗ ಏರದಿದ್ದರೆ ಹಾಫ್ ಕ್ಲಚ್‌ನಲ್ಲೇ ಸಿಗ್ನಲ್ ಕಳೆದವನು. ಕ್ಲಚ್‌ಗೆ ಮಜೂರಿ ಸೇರಿ ಒಂದೂವರೆ ಸಾವಿರ ಹೋಯಿತು. ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂಚಕ್ರ ಎತ್ತಿ, ಹ್ಯಾಂಡಲ್ ಮೆಲ್ಲಗೆ ತಿರುಗಿಸಿ. ನೇರ ಬಂದಾಗ "ಟಕ್" ಅಂತ ಕೂತರೆ ಹಂಪ್‌ಗೆ ನಿಧಾನಿಸಿದವನಲ್ಲ. ಹ್ಯಾಂಡಲ್ ತಿರುಗುವ ಬೇರಿಂಗ್, ಅಂದರೆ ಕೋನ್ ಸೆಟ್ಟಿಗೆ ಇನ್ನೊಂದು ಏಳೆಂಟುನೂರು.

ಟ್ಯಾಂಕ್ ಮಿಂಚುತ್ತಿದ್ದರೆ ನನಗೆ ಅನುಮಾನ ಜಾಸ್ತಿ. ಹಿಂದಿನ ಸ್ಪ್ರಾಕೆಟ್ಟಿನ (ಚೈನ್ ಕೂರುವ ಹಲ್ಲುಚಕ್ರ) ತುತ್ತತುದಿಯಲ್ಲಿ ಚೈನ್ ಹಿಡಿದು ಹಿಂದಕ್ಕೆ ಎಳೆಯಿರಿ. ಅರ್ಧ ಹಲ್ಲು ಕಂಡರೆ ಪಾಲಿಶ್ ಮಾಡಿದ್ದು ಜನ ನೋಡಲಿಕ್ಕೆ ಅಷ್ಟೇ. ಬಿದ್ದದ್ದನ್ನು ಲಿವರ್ ತುದಿ, ಫುಟ್‌ರೆಸ್ಟ್ ತುದಿ, ಆ ಬದಿಯ ಇಂಜಿನ್ ಕವರ್ ಹೇಳುತ್ತವೆ. ಒಂದೇ ಬದಿಯ ಮೂರೂ ಹೊಸದಾಗಿದ್ದರೆ ಜೋರಾಗೇ ಬಿದ್ದಿದೆ.

ಇದೆಲ್ಲ ಎಲ್ಲ ಕಡೆ ನಡೆಯಲ್ಲ. ಟೈರ್ ಓದುವುದು ದಂಡ, ಮಾರುವ ಮುಂಚೆ ಬದಲಿಸಿರುತ್ತಾರೆ. ಸ್ಪಾರ್ಕ್ ಪ್ಲಗ್ಗಿನ ಬಣ್ಣ ನೋಡಿ ಹೇಳುವ ವಿದ್ಯೆ 2020ರ ಏಪ್ರಿಲ್ಲಿನಲ್ಲಿ ಹೊಗೆ ನಿಯಮ ಬಿಎಸ್6 ಬಂದು ಕಾರ್ಬುರೇಟರ್ ಬದಲು ಇಂಜೆಕ್ಷನ್ ಆದಮೇಲೆ ಅರ್ಧಕ್ಕರ್ಧ ಸತ್ತಿತು. ಒಂದೇ ಮಾಡೆಲಿನ ಸ್ಟ್ಯಾಂಡುಗಳಿಗೆ ವರ್ನಿಯರ್ ಅಳತೆಗೋಲು ಹಿಡಿದು ಪಟ್ಟಿ ಮಾಡಲು ಹೊರಟಿದ್ದೆ, ಅದೂ ಕೈಕೊಟ್ಟಿತು: ಮಲೆನಾಡಿನ ಮಣ್ಣಿನಂಗಳದಲ್ಲಿ ನಿಂತ ಸ್ಟ್ಯಾಂಡ್ ಸವೆಯುವುದೇ ಇಲ್ಲ, ಬೆಂಗಳೂರಿನ ಕಾಂಕ್ರೀಟ್ ಉಜ್ಜಿಹಾಕುತ್ತೆ. ಮಂಗಳೂರು, ಉಡುಪಿಯ ಕೆಎ 19, ಕೆಎ 20 ಗಾಡಿಯಲ್ಲಿ ಸ್ಪೋಕ್, ಸೈಲೆನ್ಸರ್ ತುಕ್ಕು ಕಂಡರೆ ಮಾಲೀಕನನ್ನು ಬೈಯಬೇಡಿ, ಅದು ಕಡಲಗಾಳಿ. ಅಲ್ಲಿ ಚೈನ್ ಕವರ್ ಒಳಗೆ ಗ್ರೀಸ್ ಇದೆಯಾ ಅಷ್ಟೇ ನೋಡಿ.

ಅಪ್ಪ-ಮಗ ಇಬ್ಬರೂ ಓಡಿಸಿದ ಗಾಡಿ ಕಷ್ಟ, ಗುರುತುಗಳು ಒಂದಕ್ಕೊಂದು ಜಗಳವಾಡುತ್ತವೆ. ಯಾರು ಹೆಚ್ಚು ಓಡಿಸಿದ್ದು ಅಂತ ಬಲಗೈ ಗ್ರಿಪ್‌ನಲ್ಲಿ ತಿಳಿಯುತ್ತೆ. ಹೇಗೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ, ನನ್ನ ಹೊಟ್ಟೆಪಾಡು ಅದು.