ಮೂರು ಏಜೆಂಟ್, ಒಂದು ಶಾಫ್ಟ್: ವಿನ್ಯಾಸದ ತಕರಾರು ಬಿಡಿಸುವ ಬಗೆ

ವಿನ್ಯಾಸ ಮಾಡುವ ಸಾಫ್ಟ್‌ವೇರ್ ಏಜೆಂಟ್‌ಗಳು (ಒಂದೊಂದು ಅಂಶವನ್ನು ನೋಡಿಕೊಳ್ಳುವ ಪ್ರೋಗ್ರಾಂಗಳು) ಕಚ್ಚಾಡತೊಡಗಿದಾಗ ಹೆಚ್ಚಿನವರು ಮೊದಲು ಬರೆಯುವುದು ಸಂಧಾನದ ಕೋಡ್: ಯಾರ ಮಾತಿಗೆ ಎಷ್ಟು ತೂಕ, ಯಾರು ಎಷ್ಟು ಬಿಟ್ಟುಕೊಡಬೇಕು. ನಾನು ಅದನ್ನು ಕಟ್ಟಕಡೆಗೆ ಇಟ್ಟುಕೊಳ್ಳುತ್ತೇನೆ. ಜಗಳದಂತೆ ಕಾಣುವುದರಲ್ಲಿ ಬಹುಪಾಲು ಹಳೆಯ ಅಂಕಿ, ತಪ್ಪು ಏಕಮಾನ ಅಥವಾ ಯಾರೂ ಬಾಯಿಬಿಟ್ಟು ಹೇಳದ ಒಂದು ಊಹೆಯಿಂದ ಹುಟ್ಟಿದ್ದು. ಅಂಥದ್ದಕ್ಕೆ ಸಂಧಾನ ಮಾಡಿಸಿದರೆ ತಪ್ಪು ಹಾಗೇ ಉಳಿದು, ಅದರ ಮೇಲೊಂದು ಒಪ್ಪಂದ ಕೂರುತ್ತದೆ.

ಗೇರ್‌ಬಾಕ್ಸಿನ ಮಧ್ಯದ ಶಾಫ್ಟನ್ನೇ ತೆಗೆದುಕೊಳ್ಳಿ. ಬಲದ ಲೆಕ್ಕ ಮಾಡುವ ಏಜೆಂಟ್ ‘ಶಾಫ್ಟ್ ವ್ಯಾಸ 33 ಮಿ.ಮೀ.ಗಿಂತ ಕಡಿಮೆ ಆಗಬಾರದು’ ಎನ್ನುತ್ತದೆ. ಬೇರಿಂಗ್ ಏಜೆಂಟಿಗೆ 20,000 ಗಂಟೆ ಬಾಳಿಕೆ ಬೇಕು. ಭಾರ 2 ಕಿಲೋನ್ಯೂಟನ್, ವೇಗ ನಿಮಿಷಕ್ಕೆ 600 ಸುತ್ತು. ಹೌಸಿಂಗ್ (ಹೊರಕವಚ) ಏಜೆಂಟ್ ಬೇರಿಂಗಿನ ಹೊರವ್ಯಾಸಕ್ಕೆ 66 ಮಿ.ಮೀ. ಮಿತಿ ಹಾಕಿದೆ. ಈ ಅಳತೆಯಲ್ಲಿ ಬೇರಿಂಗಿನ ಒಳವ್ಯಾಸ ಸಾಮಾನ್ಯವಾಗಿ 5 ಮಿ.ಮೀ. ಹೆಜ್ಜೆಯಲ್ಲಿ ಏರುವುದರಿಂದ 33 ಎಂದರೆ 35 ಎಂದೇ ಅರ್ಥ.

ಬಾಲ್ ಬೇರಿಂಗಿನ ಡೈನಾಮಿಕ್ ಸಾಮರ್ಥ್ಯವನ್ನು (ತಿರುಗುವಾಗ ಭಾರ ಹೊರುವ ಶಕ್ತಿಗೆ ಕ್ಯಾಟಲಾಗ್ ಕೊಡುವ ಅಂಕಿ) ಭಾರದಿಂದ ಭಾಗಿಸಿ ಘನ ಮಾಡಿದರೆ ಬಾಳಿಕೆ ದಶಲಕ್ಷ ಸುತ್ತುಗಳಲ್ಲಿ ಸಿಗುತ್ತದೆ. 6207 (ಒಳವ್ಯಾಸ 35 × ಹೊರವ್ಯಾಸ 72 × ಅಗಲ 17 ಮಿ.ಮೀ.) ಬೇರಿಂಗಿಗೆ ಸುಮಾರು 25.5 ಕಿಲೋನ್ಯೂಟನ್ ಸಾಮರ್ಥ್ಯ. 57,000 ಗಂಟೆ ಬರುತ್ತದೆ, ಆದರೆ ಹೌಸಿಂಗಿನಲ್ಲಿ ಹಿಡಿಯುವುದಿಲ್ಲ. 6007 (35×62×14) ಹಿಡಿಯುತ್ತದೆ, ಸಾಮರ್ಥ್ಯ ಸುಮಾರು 16, ಬಾಳಿಕೆ 14,000 ಗಂಟೆಯ ಆಸುಪಾಸು. 6206 (30×62×16) ಹಿಡಿಯುತ್ತದೆ, 19.5 ಸಾಮರ್ಥ್ಯದಲ್ಲಿ 25,000 ಗಂಟೆ ದಾಟುತ್ತದೆ, ಆದರೆ ಶಾಫ್ಟ್ 30ಕ್ಕೆ ಇಳಿಯಬೇಕು. ಯಾವ ಎರಡು ನಿರ್ಬಂಧವನ್ನಾದರೂ ಒಟ್ಟಿಗೆ ಪಾಲಿಸಬಹುದು, ಮೂರನ್ನೂ ಸಾಧ್ಯವಿಲ್ಲ. ಇಲ್ಲಿ ಸರಾಸರಿ ತೆಗೆಯುವ ಮಧ್ಯಸ್ಥನನ್ನು ಕೂರಿಸಿದರೆ ಆತ 32.5 ಎಂದು ತೀರ್ಪು ಕೊಡುತ್ತಾನೆ; ಆ ಅಳತೆಯ ಬೇರಿಂಗನ್ನು ಯಾವ ಕ್ಯಾಟಲಾಗಿನಲ್ಲಿ ಹುಡುಕುವುದು?

ಇಲ್ಲಿ ಕೇಳಬೇಕಾದ್ದು ‘33 ಏಕೆ?’ ಎಂದು. ಅದಕ್ಕೆ ಏಜೆಂಟ್ ಉತ್ತರ ಕೊಡಬೇಕಾದರೆ ಪ್ರತಿ ಸಂದೇಶದಲ್ಲೂ ಕಾರಣ ಇರಬೇಕು. ನನ್ನ ಸಂದೇಶದಲ್ಲಿ ಈ ಅಂಶಗಳು ಕಡ್ಡಾಯ: ಚರಾಂಶದ ಹೆಸರು, ಅದು ಭಾಗದ ಯಾವ ಜಾಗದ್ದು, ಒಂಟಿ ಅಂಕಿಯ ಬದಲು ಕನಿಷ್ಠ–ಗರಿಷ್ಠ ವ್ಯಾಪ್ತಿ, ಏಕಮಾನ, ಯಾವ ಆವೃತ್ತಿಯ ಮಾಹಿತಿಯ ಮೇಲೆ ಲೆಕ್ಕ ನಡೆದಿದೆ, ಯಾವ ಊಹೆಗಳು, ಮತ್ತು ಆ ನಿರ್ಬಂಧದ ಮೂಲ. ಮೂಲ ಎಂದರೆ ಗ್ರಾಹಕರ ಬೇಡಿಕೆಯೋ, ಮಾನಕವೋ, ಹಿಂದಿನ ಹಂತದ ನಿರ್ಧಾರವೋ ಎಂಬುದು. ಯಾರು ಹಾಕಿದ್ದೋ ಅವರೇ ಸಡಿಲಿಸಬೇಕು. ಹೌಸಿಂಗ್ ಏಜೆಂಟ್ ಎಷ್ಟೇ ಒತ್ತಾಯಿಸಿದರೂ ಬೇರಿಂಗ್ ಏಜೆಂಟ್ ಗ್ರಾಹಕರ 20,000 ಗಂಟೆಯನ್ನು ತಾನೇ ಇಳಿಸುವಂತಿಲ್ಲ.

ಈ ಶಾಫ್ಟಿನಲ್ಲಿ 33ರ ಕಾರಣ ನೋಡಿದರೆ, ಅದು ಗೇರ್ ಕೂರುವ ಜಾಗದ ಲೆಕ್ಕ. ಮಧ್ಯದ ಶಾಫ್ಟಿನಲ್ಲಿ ಟಾರ್ಕ್ (ತಿರುಚುವ ಬಲ) ಹರಿಯುವುದು ಒಂದು ಗೇರಿನಿಂದ ಇನ್ನೊಂದಕ್ಕೆ ಮಾತ್ರ. ತುದಿಯ ಬೇರಿಂಗ್ ಜಾಗದಲ್ಲಿ ಟಾರ್ಕ್ ಇಲ್ಲ, ಶಾಫ್ಟನ್ನು ಬಾಗಿಸುವ ಮೊಮೆಂಟೂ ತೀರಾ ಕಡಿಮೆ. ‘ಶಾಫ್ಟ್ ವ್ಯಾಸ’ ಎಂಬ ಒಂದೇ ಚರಾಂಶವನ್ನು ಎರಡಾಗಿ ಒಡೆದರೆ 6206 ಕೂರುತ್ತದೆ, ಯಾರೂ ಏನನ್ನೂ ಬಿಟ್ಟುಕೊಡಬೇಕಿಲ್ಲ.

ಅಷ್ಟಕ್ಕೆ ಮುಗಿಯಲಿಲ್ಲ. ಒಡೆದ ಜಾಗದಲ್ಲಿ ಹೊಸ ತಕರಾರು ಹುಟ್ಟುವುದು ಮಾಮೂಲು. 6206ರ ಒಳರಿಂಗ್ ಒರಗಲು ಸುಮಾರು 36 ಮಿ.ಮೀ. ವ್ಯಾಸದ ಶೋಲ್ಡರ್ (ಮೆಟ್ಟಿಲು) ಬೇಕು, ಹಾಗಾಗಿ ಗೇರ್ ಜಾಗ 35ರ ಬದಲು 36 ಆಯಿತು. ಶೋಲ್ಡರಿನ ಬುಡದ ಫಿಲೆಟ್ (ಮೂಲೆಯ ದುಂಡು) 1 ಮಿ.ಮೀ. ಮೀರಬಾರದು, ಮೀರಿದರೆ ರಿಂಗ್ ಶೋಲ್ಡರಿಗೆ ಒರಗದೆ ಫಿಲೆಟ್ ಮೇಲೆ ಹತ್ತಿ ಕೂರುತ್ತದೆ. ಬಲದ ಏಜೆಂಟ್ ಒತ್ತಡ ಒಂದೆಡೆ ಗುಡ್ಡೆಯಾಗದಿರಲೆಂದು 2 ಕೇಳುತ್ತದೆ. ಮೊದಲು 1 ಮಿ.ಮೀ. ಇಟ್ಟು ಅಲ್ಲಿನ ಕಡಿಮೆ ಮೊಮೆಂಟಿಗೆ ಮರುಲೆಕ್ಕ ಮಾಡಿಸಿ, ಸಾಮಾನ್ಯವಾಗಿ ಪಾಸಾಗುತ್ತದೆ. ಆಗದಿದ್ದರೆ ಫಿಲೆಟ್ ದೊಡ್ಡದೇ ಇರಲಿ, ನಡುವೆ ಅಗಲ ಚ್ಯಾಂಫರಿನ (ಓರೆಯಾಗಿ ಕತ್ತರಿಸಿದ ಅಂಚಿನ) ಸ್ಪೇಸರ್ ರಿಂಗ್ ಹಾಕಿ.

ಸುರಕ್ಷತೆಗೆಂದು ಇಟ್ಟ ಹೆಚ್ಚುವರಿ ಒಂದರ ಮೇಲೊಂದು ಸೇರಿಕೊಳ್ಳುವುದು ಇನ್ನೊಂದು ಕಾಟ. ಭಾರದ ಏಜೆಂಟ್ 1.25ರಿಂದ ಗುಣಿಸಿ ಕಳಿಸುತ್ತದೆ, ಬಲದ ಏಜೆಂಟ್ ಅದು ತಿಳಿಯದೆ ತನ್ನ 1.5 ಹಾಕುತ್ತದೆ, ಒಟ್ಟು 1.875. ವ್ಯಾಸ ಭಾರದ ಘನಮೂಲದಂತೆ ಬೆಳೆಯುವುದರಿಂದ ಆ ಹೆಚ್ಚುವರಿ 1.25 ಒಂದೇ 30.6 ಮಿ.ಮೀ. ಅನ್ನು 33ಕ್ಕೆ ತಳ್ಳಬಲ್ಲದು. ಮೂಲ ಅಂಕಿ, ಸುರಕ್ಷತಾ ಗುಣಾಂಕ ಎರಡನ್ನೂ ಬೇರೆ ಬೇರೆಯಾಗಿಯೇ ಕಳಿಸಬೇಕು. ಏಕಮಾನದ ವಿಷಯ ಹೇಳುವುದೇ ಬೇಡ: 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕಳೆದುಹೋದದ್ದು ಒಂದು ಸಾಫ್ಟ್‌ವೇರ್ ಪೌಂಡ್-ಫೋರ್ಸ್ ಸೆಕೆಂಡಿನಲ್ಲಿ ಕೊಟ್ಟದ್ದನ್ನು ಇನ್ನೊಂದು ನ್ಯೂಟನ್ ಸೆಕೆಂಡ್ ಎಂದು ಓದಿದ್ದರಿಂದ. ಏಕಮಾನ ಇಲ್ಲದ ಸಂದೇಶವನ್ನು ನನ್ನ ವ್ಯವಸ್ಥೆ ಬಾಗಿಲಲ್ಲೇ ತಿರಸ್ಕರಿಸುತ್ತದೆ.

ನಿರ್ಬಂಧ ಹತ್ತಾರು ಇದ್ದಾಗ ಯಾವುವು ನಿಜವಾಗಿ ಹೊಡೆದಾಡುತ್ತಿವೆ ಎಂದು ಕಂಡುಹಿಡಿಯಬೇಕು. ಸರಳ ದಾರಿ ಇದು: ಒಂದೊಂದನ್ನೇ ತೆಗೆದು ಪರೀಕ್ಷಿಸಿ; ತೆಗೆದರೂ ಪರಿಹಾರ ಸಿಗದಿದ್ದರೆ ಅದು ಈ ಜಗಳಕ್ಕೆ ಬೇಕಿಲ್ಲ, ಬಿಟ್ಟುಬಿಡಿ; ತೆಗೆದಾಗ ಪರಿಹಾರ ಸಿಕ್ಕರೆ ವಾಪಸ್ ಇಡಿ. ಎಷ್ಟು ನಿರ್ಬಂಧವೋ ಅಷ್ಟು ಪರೀಕ್ಷೆ, ಉಳಿಯುವುದು ಒಂದು ಕನಿಷ್ಠ ಗುಂಪು. ಪ್ರತಿ ಪರೀಕ್ಷೆಗೂ ಫೈನೈಟ್ ಎಲಿಮೆಂಟ್ ಲೆಕ್ಕ (ಭಾಗವನ್ನು ಸಣ್ಣ ತುಂಡುಗಳಾಗಿ ಒಡೆದು ಒತ್ತಡ ಅಳೆಯುವ ಭಾರಿ ಲೆಕ್ಕ) ಓಡಿಸಬೇಕಾದರೆ ಇದು ದುಬಾರಿ. ಆಗ ಉಲ್ರಿಚ್ ಯುಂಕರ್ 2004ರಲ್ಲಿ ಪ್ರಕಟಿಸಿದ ಕ್ವಿಕ್‌ಎಕ್ಸ್‌ಪ್ಲೇನ್ ಎಂಬ ವಿಧಾನ ಬಳಸುತ್ತೇನೆ. ಅದು ಗುಂಪನ್ನು ಅರ್ಧರ್ಧ ಮಾಡುತ್ತಾ ಹೋಗುವುದರಿಂದ, ದೊಡ್ಡ ರಾಶಿಯಲ್ಲಿ ಜಗಳಗಂಟರು ಕೆಲವರೇ ಇದ್ದರೆ ಬೇಗ ಮುಗಿಯುತ್ತದೆ.

ಎ ಏಜೆಂಟ್ 30 ಎನ್ನುವುದು, ಬಿ ಏಜೆಂಟ್ 35 ಎನ್ನುವುದು, ಎ ಮತ್ತೆ 30 ಎನ್ನುವುದು — ಈ ತೂಗುಯ್ಯಾಲೆ ಎಲ್ಲ ಕಡೆಯೂ ಬರುತ್ತದೆ. ಬದಲಾವಣೆಯನ್ನು ಅರ್ಧಕ್ಕೆ ಇಳಿಸುವ ಉಪಾಯ ಸತತ ಅಳತೆಗಳಿಗೆ ಸರಿ, ಕ್ಯಾಟಲಾಗಿನ ಅಳತೆಗೆ ನಾಟುವುದಿಲ್ಲ. ಪ್ರತಿ ಸುತ್ತಿನ ಸ್ಥಿತಿಯ ಹ್ಯಾಶ್ (ಅದನ್ನು ಗುರುತಿಸುವ ಚಿಕ್ಕ ಸಂಕೇತ) ಉಳಿಸಿಕೊಳ್ಳಿ. ಹಳೆಯ ಸ್ಥಿತಿ ಮರಳಿದರೆ ಸುತ್ತು ನಿಲ್ಲಲಿ. ಸೋತ ಜೋಡಣೆಯನ್ನು ‘ಕೂಡದು’ ಪಟ್ಟಿಗೆ ಸೇರಿಸುವಾಗ ಅದಕ್ಕೆ ಕಾರಣವಾದ ಊಹೆಗಳನ್ನೂ ಅಂಟಿಸಿ. ಇಲ್ಲದಿದ್ದರೆ ಭಾರ 2ರಿಂದ 1.5ಕ್ಕೆ ಇಳಿದ ಮೇಲೂ 6007 ನಿಷಿದ್ಧವಾಗಿಯೇ ಉಳಿಯುತ್ತದೆ. ಆ ಭಾರದಲ್ಲಿ ಅದು 33,000 ಗಂಟೆ ಬಾಳುತ್ತದೆ.

ಇಷ್ಟೆಲ್ಲ ಜರಡಿ ದಾಟಿ ಬಂದದ್ದು ನಿಜವಾದ ಜಗಳ: ತೂಕ ಇಳಿದರೆ ವೆಚ್ಚ ಏರುತ್ತದೆ ಎಂಬಂಥದ್ದು. ಇದಕ್ಕೂ ಪ್ರತಿ ಗುರಿಗೆ ಅದರ ಮಹತ್ವದ ಗುಣಾಂಕ ಹಾಕಿ ಕೂಡಿಸುವ ಪದ್ಧತಿ ನನಗೆ ಅಷ್ಟಾಗಿ ಸೇರದು. ಕಿಲೋಗ್ರಾಮನ್ನೂ ಹಣವನ್ನೂ ಕೂಡಿಸುವ ಮೊದಲು ಒಂದೇ ಅಳತೆಗೆ ತರಬೇಕು, ತಂದರೂ ಪರೇಟೋ ರೇಖೆ (ಒಂದನ್ನು ಕೆಡಿಸದೆ ಇನ್ನೊಂದನ್ನು ಸುಧಾರಿಸಲಾಗದ ವಿನ್ಯಾಸಗಳ ಸಾಲು) ಒಳಬಾಗಿದ ಕಡೆಯ ಬಿಂದುಗಳು ಯಾವ ಗುಣಾಂಕ ಹಾಕಿದರೂ ಕೈಗೆ ಸಿಗುವುದಿಲ್ಲ. ಒಂದನ್ನು ಗುರಿಯಾಗಿಟ್ಟು ಉಳಿದವಕ್ಕೆ ಮಿತಿ ಹಾಕಿ, ಮಿತಿಯನ್ನು ಹಂತಹಂತವಾಗಿ ಸರಿಸುವುದು ಮೇಲು.

ಭಾಷಾ ಮಾದರಿಗಳ ಮೇಲೆ ಕಟ್ಟಿದ ಏಜೆಂಟ್‌ಗಳ ತೊಂದರೆ ತದ್ವಿರುದ್ಧ: ಜಗಳವನ್ನೇ ಆಡುವುದಿಲ್ಲ. ಎದುರಿನ ಏಜೆಂಟ್ ಎರಡು ಸಲ ಒತ್ತಿ ಹೇಳಿದರೆ ‘ನೀವು ಹೇಳಿದ್ದು ಸರಿ’ ಎಂದು ಲೆಕ್ಕವಿಲ್ಲದೆ ಒಪ್ಪಿಬಿಡುತ್ತವೆ. ಅವಕ್ಕೆ ಪ್ರಸ್ತಾಪ ಮಾಡಲಷ್ಟೇ ಬಿಡುತ್ತೇನೆ. ವ್ಯಾಪ್ತಿ ಬದಲಾಗಬೇಕಾದರೆ ಲೆಕ್ಕದ ಫಂಕ್ಷನ್ ಮತ್ತೆ ಓಡಿ, ಅದರ ಫಲಿತಾಂಶ ಸಂದೇಶಕ್ಕೆ ಲಗತ್ತಾಗಿರಬೇಕು.

ಪರಿಹಾರ ಸಿಗದಿದ್ದರೆ ವಿಷಯ ಎಂಜಿನಿಯರ್ ಮುಂದೆ ಹೋಗುತ್ತದೆ. ಅವರಿಗೆ ನೂರು ಸಾಲಿನ ಲಾಗ್ ಬೇಡ. ಕನಿಷ್ಠ ಗುಂಪಿನ ನಿರ್ಬಂಧಗಳು, ಪ್ರತಿಯೊಂದರ ಮೂಲ, ಪ್ರತಿಯೊಂದನ್ನು ಎಷ್ಟು ಸಡಿಲಿಸಿದರೆ ದಾರಿ ತೆರೆಯುತ್ತದೆ ಎಂಬುದು ಸಾಕು. ಶಾಫ್ಟ್ ವ್ಯಾಸವನ್ನು ಎರಡಾಗಿ ಒಡೆಯಲು ಬಾರದಿದ್ದರೆ ಅದು ಹೀಗಿರುತ್ತಿತ್ತು: ‘ಹೌಸಿಂಗ್ 66ರಿಂದ 72 ಮಿ.ಮೀ., ಅಥವಾ ಬಾಳಿಕೆ 20,000ದಿಂದ 14,000 ಗಂಟೆ’.