ಫ್ರೆಡ್ಡಿಯ ಬಾಲ್ಯ ಬರೆಯಲು ಕೂತಾಗ

ಬ್ರಿಟನ್ನಿನ ರಾಕ್ ಬ್ಯಾಂಡ್ 'ಕ್ವೀನ್'ನ ಗಾಯಕ ಫ್ರೆಡ್ಡಿ ಮರ್ಕ್ಯುರಿಯ ಬಾಲ್ಯದ ಬಗ್ಗೆ ಇಪ್ಪತ್ತು ನಿಮಿಷದ ಒಂದು ಮಾತು ಸಿದ್ಧಮಾಡಬೇಕಿತ್ತು. ನನ್ನ ಮೊದಲ ಕರಡು 1985ರ ಲೈವ್ ಏಡ್ ಸಂಗೀತ ಕಾರ್ಯಕ್ರಮದಿಂದ ಶುರುವಾಗಿತ್ತು. ವೆಂಬ್ಲಿ ಸ್ಟೇಡಿಯಂ, ಕಿಕ್ಕಿರಿದ ಜನ, ಆಮೇಲೆ ಸೀದಾ ಬಾಲ್ಯಕ್ಕೆ ಜಿಗಿತ. ಎಲ್ಲರೂ ಹೀಗೇ ಶುರುಮಾಡುತ್ತಾರೆ ಅಲ್ವಾ? ಹರಿದು ಹಾಕಿದೆ.

ಹೊಸ ಹಾಳೆಯಲ್ಲಿ ಎರಡು ಸಾಲು ಮಾಡಿಕೊಂಡೆ. ಎಡಕ್ಕೆ ಇಸವಿ, ಬಲಕ್ಕೆ ಆಗ ಅವನಿಗೆಷ್ಟು ವಯಸ್ಸು ಅಂತ. 1946ರ ಸೆಪ್ಟೆಂಬರ್ 5, ಪೂರ್ವ ಆಫ್ರಿಕಾದ ಜಂಜಿಬಾರ್ ದ್ವೀಪದ ಸ್ಟೋನ್ ಟೌನ್, ಫರ್ರೋಖ್ ಬುಲ್ಸಾರಾ ಹುಟ್ಟಿದ. ಅಪ್ಪ ಬೋಮಿ, ಅಮ್ಮ ಜೆರ್, ಗುಜರಾತ್ ಮೂಲದ ಪಾರ್ಸಿಗಳು. ಇಂದಿನ ವಲ್ಸಾಡ್‌ನ ಹಳೇ ಹೆಸರು ಬುಲ್ಸಾರ್. ಊರು ಮನೆತನದ ಹೆಸರಲ್ಲೇ ಕೂತಿದೆ! ಕರಡಿನಲ್ಲಿ 'ಬಡತನದಿಂದ ಎದ್ದು ಬಂದ' ಅಂತ ಸುಮ್ನೆ ಬರೆದುಬಿಟ್ಟಿದ್ದೆ. ಅಪ್ಪ ಬ್ರಿಟಿಷ್ ಸರ್ಕಾರದ ಕಚೇರಿಯಲ್ಲಿ ಕ್ಯಾಷಿಯರ್, ಮನೆಯಲ್ಲಿ ಕೆಲಸದವರೂ ಇದ್ದರು. ಆ ಸಾಲು ಹೊಡೆದು ಹಾಕಿದೆ.

ಮಹಾರಾಷ್ಟ್ರದ ಪಂಚಗಣಿಯ ಸೇಂಟ್ ಪೀಟರ್ಸ್ ಬೋರ್ಡಿಂಗ್ ಶಾಲೆಯ ಎದುರಿಗೆ 'ಎಂಟು' ಅಂತ ಬರೆಯುವಾಗ ಮಾತ್ರ ಕೈ ನಿಂತಿತು. ಎಂಟು ವರ್ಷದ ಹುಡುಗ ಸಮುದ್ರ ದಾಟಿ ಬಂದಿದ್ದಾನೆ. ತಂಗಿ ಕಾಶ್ಮೀರಾ ಇನ್ನೂ ಪುಟ್ಟ ಕೂಸು. ಅವನ ಒಂಟಿತನದ ಬಗ್ಗೆ ಒಂದಿಡೀ ಪ್ಯಾರಾ ಬರೆದೆ, ಚೆನ್ನಾಗೂ ಬಂದಿತ್ತು. ಮರುದಿನ ತೆಗೆದೆ. ಆ ಮಗುವಿನ ಮನಸ್ಸಲ್ಲಿ ಏನಿತ್ತು ಅಂತ ಹೇಳೋಕೆ ನಾನ್ಯಾರು? ವಯಸ್ಸು ಹೇಳಿದರೆ ಸಾಕು, ಉಳಿದದ್ದು ಕೇಳುವವರಿಗೇ ಹೊಳೆಯುತ್ತದೆ.

ಜಾಸ್ತಿ ಸಮಯ ಕೊಟ್ಟಿದ್ದು ಹನ್ನೆರಡನೇ ವಯಸ್ಸಿಗೆ. ಆ ಶಾಲೆಯಲ್ಲೇ ಗೆಳೆಯರ ಜೊತೆ 'ದಿ ಹೆಕ್ಟಿಕ್ಸ್' ಅಂತ ಬ್ಯಾಂಡ್ ಕಟ್ಟಿದ. ಮಜಾ ಏನೆಂದರೆ ಅದರ ಮುಖ್ಯ ಗಾಯಕ ಇವನಲ್ಲ! ಇವನದು ಪಿಯಾನೋ, ಹಿಂದೆ ನಿಂತು ದನಿಗೂಡಿಸುವುದು. 'ಫ್ರೆಡ್ಡಿ' ಎಂಬ ಹೆಸರೂ ಆ ಶಾಲೆಯ ಗೆಳೆಯರಿಂದಲೇ ಬಂದದ್ದು.

1964ರ ಜನವರಿ, ಜಂಜಿಬಾರ್‌ನಲ್ಲಿ ಕ್ರಾಂತಿ. ವಯಸ್ಸು ಹದಿನೇಳು. ಮನೆಯವರೆಲ್ಲ ಇಂಗ್ಲೆಂಡಿಗೆ, ಹೀಥ್ರೋ ವಿಮಾನ ನಿಲ್ದಾಣದ ಹತ್ತಿರದ ಫೆಲ್ಟಮ್‌ಗೆ ಬಂದರು. ಅವನು ಮುಂದೆ ಅದೇ ನಿಲ್ದಾಣದಲ್ಲಿ ಲಗೇಜು ಹೊತ್ತ. ಈಲಿಂಗ್ ಆರ್ಟ್ ಕಾಲೇಜಿನಲ್ಲಿ ಗ್ರಾಫಿಕ್ಸ್ ಓದಿ 1969ರಲ್ಲಿ ಮುಗಿಸಿದ. ಕ್ವೀನ್ ಬ್ಯಾಂಡಿನ ಲಾಂಛನ ಬರೆದದ್ದು ಅದೇ ಕೈ.

ಎಲ್ಲಿ ನಿಲ್ಲಿಸೋದು ಅಂತ ಎರಡು ದಿನ ಒದ್ದಾಡಿದೆ. ಕೊನೆಗೆ 1970ಕ್ಕೆ ನಿಲ್ಲಿಸಿದೆ. ಅಷ್ಟೊತ್ತಿಗೆ ಅವನು ಬುಲ್ಸಾರಾ ಬಿಟ್ಟು ಮರ್ಕ್ಯುರಿ ಅಂತ ಹೆಸರಿಟ್ಟುಕೊಂಡಿದ್ದ.