ಎರೆ ಹೊಲದ ಕಪ್ಪು: ಒಬ್ಬ ಚಿತ್ರಗಾರನ ಅನುಭವ

ಗದಗ ಸೀಮೆಯಲ್ಲಿ ಕೂತು ನಿಸರ್ಗಚಿತ್ರ ಬರೆಯುತ್ತೇನೆ ಅಂದರೆ ಬಹಳ ಜನ ಕೇಳುವುದು ಒಂದೇ: "ಇಲ್ಲೇನೈತ್ರಿ ಬರಿಯಾಕ?" ಹಸಿರು ಬೇಕಾದವರು ಮಲೆನಾಡಿಗೆ ಹೋಗುತ್ತಾರೆ, ಕಲ್ಲು ಬೇಕಾದವರು ಹಂಪಿ, ಬಾದಾಮಿಗೆ. ನಮ್ಮಲ್ಲಿರುವುದು ಎರೆ ಹೊಲ, ಮೇಲೆ ಆಕಾಶ, ನಡುವೆ ಎಲ್ಲೋ ಒಂದು ಬನ್ನಿ ಮರವೋ ಬೇವಿನ ಮರವೋ. ನನಗೆ ಅಷ್ಟು ಸಾಕು. ಇಷ್ಟು ವರ್ಷ ಬರೆದರೂ ಆ ಕಪ್ಪು ಮಣ್ಣು ಇನ್ನೂ ಮುಗಿದಿಲ್ಲ.

ಚಿತ್ರ ಕಲಿಯುವವರಿಗೆ ಈ ಭಾಗ ಬಡವಾಗಿಲ್ಲ. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು, ಗದಗಿನಲ್ಲಿ ಟಿ.ಪಿ. ಅಕ್ಕಿಯವರು ಚಿತ್ರಕಲೆಯ ಶಾಲೆ ಕಟ್ಟಿದರು. ನನಗೆ ಬ್ರಷ್ ಹಿಡಿಯಲು ಕಲಿಸಿದ ಮಾಸ್ತರರೂ ಅಂಥ ಶಾಲೆಯಲ್ಲೇ ಓದಿದವರು. ಆಮೇಲೆ ಬೆಂಗಳೂರಿನಲ್ಲಿ ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳನ್ನು ನೋಡಿದೆ, ರುಮಾಲೆ ಚನ್ನಬಸವಯ್ಯನವರ ಹೂಮರಗಳನ್ನೂ ನೋಡಿದೆ. ಒಬ್ಬರಿಗೆ ಊಟಿಯ ಮಂಜು, ಇನ್ನೊಬ್ಬರಿಗೆ ಬೆಂಗಳೂರಿನ ಹೂಬಿಟ್ಟ ರಸ್ತೆಗಳು. ನೋಡಿದ್ದನ್ನೇ ಮತ್ತೆ ಮತ್ತೆ ನೋಡಿ ಬರೆದದ್ದು ಆ ಚಿತ್ರಗಳಲ್ಲಿ ಕಾಣುತ್ತದೆ. ನಾನೂ ನನ್ನ ಸೀಮೆಯನ್ನು ಬಿಡಬಾರದು ಅಂತ ಆಗಲೇ ಗಟ್ಟಿ ಮಾಡಿಕೊಂಡೆ.

ಈಗ ಕಪ್ಪಿನ ವಿಷಯಕ್ಕೆ ಬರೋಣ. ಮಣ್ಣು ಕಪ್ಪು ಅಂತ ಕಪ್ಪು ಟ್ಯೂಬ್ ಹಿಂಡಿದರೆ ಹೊಲ ಡಾಂಬರು ಬಳಿದ ಹಾಗೆ ಕಾಣುತ್ತದೆ. ನನ್ನ ಪೆಟ್ಟಿಗೆಯಲ್ಲಿ ಕಪ್ಪು ಬಣ್ಣವೇ ಇಲ್ಲ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು, ಇವೆರಡರಲ್ಲೇ ವರ್ಷವಿಡೀ ಎರೆ ಹೊಲ ಬರೆಯುತ್ತೇನೆ. ಮಳೆ ಬಿದ್ದ ಮರುದಿನದ ಮಣ್ಣಿಗೆ ನೀಲಿ ಜಾಸ್ತಿ. ಹರಗಿ ಬಿತ್ತನೆಗೆ ಸಿದ್ಧವಾದ ಹೊಲಕ್ಕೆ ಎರಡೂ ಹೆಚ್ಚುಕಮ್ಮಿ ಸಮ. ಬೇಸಿಗೆಯಲ್ಲಿ ಮಣ್ಣು ಬೂದಿ ಬಣ್ಣಕ್ಕೆ ತಿರುಗಿ, ಕುಗ್ಗಿ, ಬಿರುಕು ಬಿಟ್ಟಾಗ ಕಂದು ಸ್ವಲ್ಪ ಮುಂದೆ, ನೀರೂ ಜಾಸ್ತಿ. ಪಕ್ಕದಲ್ಲೇ ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲ ಬಂದರೆ ಅದೇ ಬರ್ನ್ಟ್ ಸಿಯೆನ್ನಾ ಒಂದೇ ಸಾಕು, ಎರಡು ಮಣ್ಣೂ ಒಂದೇ ಚಿತ್ರದಲ್ಲಿ ಹೊಂದಿಕೊಳ್ಳುತ್ತವೆ.

ಅಲ್ಟ್ರಾಮರೀನ್‌ಗೆ ಇನ್ನೊಂದು ಗುಣ ಇದೆ. ಅದರ ಕಣಗಳು ಕಾಗದದ ಸಣ್ಣ ಸಣ್ಣ ಕುಳಿಗಳಲ್ಲಿ ಹೋಗಿ ಕೂರುತ್ತವೆ. 300 ಜಿಎಸ್ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ತರಿ ಇರುವ ಹತ್ತಿ ಕಾಗದದ ಮೇಲೆ ತುಂಬಾ ಬಣ್ಣದ ಒಂದು ವಾಷ್, ಅಂದರೆ ನೀರಿನಲ್ಲಿ ಕಲಸಿದ ಬಣ್ಣದ ಹರವಾದ ಲೇಪ ಕೊಟ್ಟು, ಬೋರ್ಡನ್ನು ಮಟ್ಟಸವಾಗಿ ಇಟ್ಟು ಸುಮ್ನೆ ಬಿಡಬೇಕು. ಒಣಗುವ ಹೊತ್ತಿಗೆ ಹೆಂಟೆ ಒಡೆದ ಮಣ್ಣಿನ ತರಿ ತಾನೇ ಮೂಡುತ್ತದೆ. ಆ ಹೊತ್ತಿನಲ್ಲಿ ಬ್ರಷ್ ಆಡಿಸಿದರೆ ಮುಗೀತು, ಬರೀ ಕೆಸರು. ಜಲವರ್ಣ ಒಣಗಿದ ಮೇಲೆ ತಿಳಿಯಾಗುತ್ತದೆ, ಹಾಗಾಗಿ ಹಸಿ ಇದ್ದಾಗ ಕಣ್ಣಿಗೆ ಅತಿ ಅನ್ನಿಸುವಷ್ಟು ಗಾಢವಾಗಿ ಹಾಕುವ ಧೈರ್ಯ ಬೇಕು.

ನಮ್ಮ ಬಿಸಿಲಿನಲ್ಲಿ ಕಾಗದ ಒಣಗುವ ವೇಗಕ್ಕೆ ಕೈ ಹೊಂದಿಸಿಕೊಳ್ಳುವುದೇ ದೊಡ್ಡ ಕೆಲಸ. ಏಪ್ರಿಲ್‌ನಲ್ಲಿ ಆಕಾಶದ ವಾಷ್ ಅರ್ಧಕ್ಕೆ ಬರುವಷ್ಟರಲ್ಲಿ ಮೇಲಿನ ಅರ್ಧ ಒಣಗಿ ಗೆರೆ ಬೀಳುತ್ತದೆ. ಕಾಗದದ ಎರಡೂ ಬದಿ ನೆನೆಸಿ ಬೋರ್ಡಿಗೆ ಅಂಟಿಸುತ್ತೇನೆ. ನೀರಿಗೆ ಎರಡು ಹನಿ ಗ್ಲಿಸರಿನ್. ಕೊಡೆ ಕಪ್ಪು ಅಥವಾ ಬಿಳಿ ಇರಬೇಕು, ಬಣ್ಣದ ಕೊಡೆ ಹಿಡಿದರೆ ಅದರ ಛಾಯೆ ಕಾಗದಕ್ಕೆ ಬೀಳುತ್ತದೆ. ಬೆಳಿಗ್ಗೆ ಹತ್ತರ ಮೇಲೆ ನೆರಳು ಕುಗ್ಗಿ ಹೊಲವೆಲ್ಲ ಚಪ್ಪಟೆ ಆಗುತ್ತದೆ, ಎದ್ದು ಬಿಡುತ್ತೇನೆ.

ನನಗೆ ಬಹಳ ಪ್ರೀತಿಯ ಕಾಲ ಎಳ್ಳ ಅಮಾವಾಸ್ಯೆಯ ಆಸುಪಾಸು. ಹಿಂಗಾರಿ ಜೋಳ ಎದೆಯೆತ್ತರ ನಿಂತಿರುತ್ತದೆ, ಕುಸುಬೆ ಹಳದಿಯಿಂದ ಕೇಸರಿಗೆ ತಿರುಗುತ್ತಿರುತ್ತದೆ. ಮನೆಮಂದಿಯೆಲ್ಲ ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆಯ ಅಡುಗೆ ಚೆಲ್ಲಿ ಪೂಜಿಸಲು, ಹೊಲಕ್ಕೆ ಬರುತ್ತಾರೆ. ಅಂಥ ಒಂದು ದಿನ ಹೊಲದ ಯಜಮಾನರು ಹಿಂದೆ ನಿಂತು ಬಹಳ ಹೊತ್ತು ನೋಡಿದರು. ಕಡಲೆ ಸಾಲಿನ ಮಣ್ಣಿಗೆ ಬೆರಳು ತೋರಿಸಿ, "ತಮ್ಮಾ, ಇಲ್ಲಿ ಹಸಿ ಇನ್ನಾ ಐತಿ, ಬದುವಿನ ಕಡೆ ಆರೇತಿ. ಖರೆ ಬರದೀಯಪಾ" ಅಂದರು. "ಹೌದ್ರೀ ಅಜ್ಜಾರ" ಅಂದೆ. ಅಲ್ಲಿ ನಾನು ಹಾಕಿದ್ದು ಸ್ವಲ್ಪ ಜಾಸ್ತಿ ನೀಲಿ, ಅಷ್ಟೇ. ಅದನ್ನು ಅವರು ತೇವ ಅಂತ ಓದಿದರು! ಕಲಾಪ್ರದರ್ಶನಗಳಲ್ಲಿ ಬಂದ ಯಾವ ಹೊಗಳಿಕೆಯೂ ನನಗೆ ಅಷ್ಟು ಸಂತೋಷ ಕೊಟ್ಟಿಲ್ಲ.

ಇದರಿಂದಲೇ ಮನೆ ನಡೆಯುತ್ತದೆ ಅಂತ ಯಾರೂ ತಿಳಿಯಬೇಡಿ. ಫೋಟೋ ನೋಡಿ ಹಿರಿಯರ ಭಾವಚಿತ್ರ ಬರೆಯುತ್ತೇನೆ, ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತೇನೆ. ಹೊಲದ ಚಿತ್ರ ಕೊಳ್ಳುವವರು ಹೆಚ್ಚಾಗಿ ಊರು ಬಿಟ್ಟು ಹೋದವರು. ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ಜನ ಹಾದುಹೋಗುತ್ತಿರುತ್ತಾರೆ. ರೋಣ, ಮುಂಡರಗಿ ಕಡೆಯವರು ಮಾತ್ರ ಗಕ್ಕನೆ ನಿಲ್ಲುತ್ತಾರೆ. ರೇಟ್ ಕೇಳುವ ಮೊದಲು "ಇದು ಯಾವ ಊರ ಹೊಲ್ರೀ?" ಅಂತ ಕೇಳುತ್ತಾರೆ. ಅದಕ್ಕೇ ಚಿತ್ರದ ಹಿಂದೆ ಊರು, ಬೆಳೆ, ತಾರೀಖು ಬರೆದಿಡುತ್ತೇನೆ.

ಕಪ್ಪತಗುಡ್ಡದ ಕಡೆ ಈಗ ಗಾಳಿಯಂತ್ರಗಳು ನಿಂತಿವೆ. "ಅವನ್ನ ಬಿಟ್ಟು ಬರೀರಿ, ಚಿತ್ರ ಚೆಂದ ಇರ್ತದ" ಅಂತ ಕೆಲವರು ಕೇಳುತ್ತಾರೆ. ನಾನು ಬಿಡುವುದಿಲ್ಲ. ಇವತ್ತಿನ ಹೊಲ ಬರೆಯಲು ಕೂತ ಮೇಲೆ ಇವತ್ತಿನ ಆಕಾಶವೂ ಅದರಲ್ಲಿ ಇರಬೇಕು, ಅಲ್ವಾ? ಅವುಗಳ ಬಿಳಿಗೆ ಬಣ್ಣ ಹಾಕುವುದಿಲ್ಲ, ಕಾಗದವನ್ನೇ ಖಾಲಿ ಬಿಡುತ್ತೇನೆ. ಆಕಾಶದ ವಾಷ್ ಎಳೆಯುವಾಗ ಆ ಸಣ್ಣ ಗೆರೆಯನ್ನು ಉಳಿಸಿಕೊಳ್ಳಲು ಅಂಚು ಚೂಪಾದ ಬ್ರಷ್ಷೂ ಗಟ್ಟಿ ಕೈಯೂ ಬೇಕು. ಈ ವರ್ಷ ಅದನ್ನೇ ಅಭ್ಯಾಸ ಮಾಡುತ್ತಿದ್ದೇನೆ.